ಐದನೆಯ ವರ್ಷದ ಕಾಗದಗಳು

ನಾಳೆ ಹನ್ನೊಂದರ ಹಡಗಿಗೆ ಬರುತ್ತಾರೆ ಡಾಕ್ಟರ್ ಫರ್ಕರ್,
ನನ್ನನ್ನು ನೋಡಲು.
ಕಾಯಿಲೆ ಏನಿಲ್ಲ. ಐದು ವರ್ಷ ತುಂಬಿತು, ಅಷ್ಟೆ.
ಈ ಹೆಂಗಸು ಇನ್ನೂ ವೈದ್ಯೆಯಾಗಿರಲು ಯೋಗ್ಯಳೇ ಎಂದು
ಯಾರಾದರೂ ಕೇಳಲೇಬೇಕು,
ನಾನು ಹೇಳಲೇಬೇಕು, ಸಹಿ ಸಮೇತ.

ಹೆಬ್ರಿಡೀಸ್‌ನ ಈ ತುದಿಯಲ್ಲಿ ಮರಗಳಿಲ್ಲ.
ಗಾಳಿಗೆ ಅಲುಗಾಡಿಸಲು ನನ್ನ ಕಿಟಕಿಗಳೇ ಗತಿ.
ಅಡುಗೆಮನೆಯ ಮೇಜಿನ ತುಂಬ ಹರಡಿಕೊಂಡು ಕೂತಿದ್ದೇನೆ:
ಕಲಿತ ಗಂಟೆಗಳು ಇನ್ನೂರ ಅರವತ್ತೊಂದು
(ಹನ್ನೆರಡು ಗಂಟೆ ತೂಕಡಿಸಿದ್ದೆ, ಅದನ್ನು ಕಳೆದಿಲ್ಲ),
ನರ್ಸಮ್ಮನ ಮೆಚ್ಚುಗೆ, ಔಷಧಿಯಂಗಡಿಯವನ ಮೆಚ್ಚುಗೆ,
ದೂರುಗಳು ಎರಡು,
ಅದರಲ್ಲೊಂದು ನನ್ನ ನಾಯಿಯ ಮೇಲೆ.

ರೋಗಿಗಳು ಹೇಳಿದ್ದು ಮೂವತ್ತನಾಲ್ಕು.
ಹೆಸರಿಲ್ಲ, ಕೈಬರಹವಿಲ್ಲ, ಯಾರೋ ದೂರದಲ್ಲಿ
ಟೈಪು ಮಾಡಿ ಕಳಿಸಿದ್ದಾರೆ.
ಆದರೆ ಟೈಪಾದ ಮಾತಿಗೂ ದನಿ ಇರುತ್ತದಲ್ಲ.
‘ನಮ್ಮಪ್ಪನಿಗಿಂತ ಬೇಗ ಸಿಡುಕುತ್ತಾರೆ’
ಮೀನಂಗಡಿಯ ಕಿರಿಮಗಳು.
‘ಕೈ ಬಹಳ ತಣ್ಣಗೆ’
ಇದನ್ನು ಹೆಚ್ಚುಕಡಿಮೆ ಎಲ್ಲರೂ.
ಕೊನೆಯ ಪ್ರಶ್ನೆ, ಈ ವೈದ್ಯರ ಬಳಿ ಮತ್ತೆ ಹೋಗುವಿರಾ?
‘ಹೌದು. ಇಲ್ಲಿ ಬೇರೆ ಯಾರಿದ್ದಾರೆ.’
ಪ್ರಶ್ನೆಯ ಕೊಕ್ಕೆ ಇಲ್ಲ, ಬರೀ ಚುಕ್ಕೆ.

ಎಫೀ.

ಅವಳ ಗಂಡ ರುವಾರಿ ನನ್ನ ಏಳನೆಯ ಪುಟದಲ್ಲಿದ್ದಾನೆ.
‘ಮುಖ್ಯ ಘಟನೆ’ ಎಂಬ ಚೌಕದೊಳಗೆ,
ಅವನಿಗೂ ಅಲ್ಲಿ ಹೆಸರಿಲ್ಲ:
ಗಂಡಸು, ಅರವತ್ತೆಂಟು, ಬೆನ್ನುನೋವು.
ಬಲೆ ಎಳೆದದ್ದಕ್ಕೆ ಎಂದು ಅವನೇ ಅಂದ, ನಾನೂ ಹೂಂ ಅಂದೆ.
ಮಾತ್ರೆ ಕೊಟ್ಟೆ. ಹೊಟ್ಟೆ ಮುಟ್ಟಿ ನೋಡಲಿಲ್ಲ.
ಹೊರಗೆ ಇನ್ನೂ ಒಂಬತ್ತು ಜನ ಕೆಮ್ಮುತ್ತಿದ್ದರು.
ರಾತ್ರಿ ಎರಡಕ್ಕೆ ಹೆಲಿಕಾಪ್ಟರು
ಮಂಜಿನಲ್ಲಿ ಇಳಿಯಲಾರದೆ ನಮ್ಮ ತಲೆಯ ಮೇಲೆ
ಸುತ್ತಿತು, ಸುತ್ತಿತು, ಆಮೇಲೆ ಸದ್ದು ನಿಂತಿತು.

ಏನು ಕಲಿತಿರಿ?
ಅರವತ್ತು ದಾಟಿದವರ ಬೆನ್ನುನೋವಿಗೆ ಹೊಟ್ಟೆಯ ಮೇಲೆ ಕೈಯಿಡಬೇಕು.
ಸರಿಯಾದ ಉತ್ತರ.
ಇದನ್ನೇ ಗ್ಲಾಸ್ಗೋದಲ್ಲಿ ಇಪ್ಪತ್ತೆರಡರ ಹುಡುಗಿ
ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಳು.
ಮತ್ತೆ ಕಲಿಯಲು ಒಬ್ಬ ರುವಾರಿ ಬೇಕಾದ.
ಈ ಸಾಲನ್ನು ಅಳಿಸಿದೆ.
ಚಹಾ ಕಾಸಿದೆ.
ಮತ್ತೆ ಬರೆದೆ.

ವರ್ಷಕ್ಕೊಮ್ಮೆ ಅವನು ದೋಣಿಯನ್ನು ದಡಕ್ಕೆಳೆದು
ಮಗ್ಗುಲಾಗಿ ಮಲಗಿಸುತ್ತಿದ್ದ. ಪಾಚಿ, ಚಿಪ್ಪು, ಒಂದು ಬಿರುಕು.
‘ನೀರಲ್ಲಿರೋ ತನಕ ಎಲ್ಲಾ ದೋಣಿನೂ ಚಂದಾನೇ, ಡಾಕ್ಟ್ರೇ’
ಎನ್ನುತ್ತ ಕೆರೆಯುತ್ತಿದ್ದ.
ತನ್ನ ಬೆನ್ನು ತನಗೆ ಕಾಣದು.
ಅವನ ಬೆನ್ನು ಅವನಿಗೂ, ನನ್ನದು ನನಗೂ.

ಫರ್ಕರ್ ಬಂದರು, ಹಡಗಿನ ಓಲಾಟಕ್ಕೆ ಬಿಳಿಚಿಕೊಂಡು.
ಓದಿದರು. ಏಳನೆಯ ಪುಟ ಎರಡು ಸಲ.
ಗಂಟಲು ಸರಿಮಾಡಿಕೊಂಡು ಕೇಳಿದರು,
ನಿದ್ದೆ ಬರುತ್ತದೆಯೇ?
ಆ ಪ್ರಶ್ನೆ ಯಾವ ಚೌಕದಲ್ಲೂ ಇರಲಿಲ್ಲ.
ಗಾಳಿ ಜೋರು, ಅಂದೆ.
ಅವರದ್ದೂ ಒಬ್ಬ ಇದ್ದನಂತೆ, ತೊಂಬತ್ತೆಂಟರಲ್ಲಿ, ಒಬ್ಬ ಹುಡುಗ.
ಅಷ್ಟು ಹೇಳಿ ಕಿಟಕಿಯತ್ತ ನೋಡಿದರು.
ನಾಲ್ಕರ ಹಡಗು ಸ್ವಲ್ಪದರಲ್ಲಿ ತಪ್ಪುತ್ತಿತ್ತು.

ಮೂರು ವಾರದ ಮೇಲೆ ಎಡಿನ್‌ಬರಾದಿಂದ ಎರಡು ಸಾಲು:
ಯೋಗ್ಯಳು. ಮುಂದಿನ ದಿನಾಂಕ ಇಂಥದ್ದು.

ಗುರುವಾರ ಎಫೀ ಬಂದಳು. ಭುಜ ನೋವಂತೆ.
ನಲ್ಲಿಯ ಬಿಸಿನೀರಿಗೆ ಕೈಯೊಡ್ಡಿ ನಿಂತೆ,
ಬೆರಳು ಕೆಂಪಾಗುವ ತನಕ.
ತಿರುಗಿ ನೋಡಿದರೆ
ಅವಳಾಗಲೇ ಮಂಚ ಹತ್ತಿ ಮಲಗಿ
ಸ್ವೆಟರನ್ನು ಹೊಟ್ಟೆಯ ಮೇಲಿಂದ ಸರಿಸಿಕೊಂಡಿದ್ದಳು,
ಮುಖ ಗೋಡೆಯ ಕಡೆಗೆ.
‘ಇದನ್ನೂ ನೋಡಿಬಿಡಿ’ ಅಂದಳು.