ಹದಿನಾಲ್ಕು ಬಿಳಿ

ಕೊಟ್ಜೆಬ್ಯೂ ಶಾಲೆ. ಅಲಾಸ್ಕದ ಏಪ್ರಿಲ್.
ಕಿಟಕಿಯ ಅರ್ಧಕ್ಕೆ ಇನ್ನೂ ಹಿಮ.
ಒಂಬತ್ತು ಟ್ಯಾಬ್ಲೆಟ್, ಹನ್ನೊಂದು ಮಕ್ಕಳು,
ಚಾರ್ಜರಿಗೆ ಜಗಳ.

ನಾನು ಚಿತ್ರದ ಮೇಡಂ.
ಹುಬ್ಬಳ್ಳಿಯಲ್ಲಿ ಅಪ್ಪನ ಏಣಿ ಹಿಡಿದು
ಅಂಗಡಿ ಬೋರ್ಡು ಬರೆಯಲು ಕಲಿತವಳು.
ಅಲ್ಲಿ ತಪ್ಪಿದರೆ ಸೀಮೆಎಣ್ಣೆ ಚಿಂದಿ,
ಉಜ್ಜಿದರೂ ಉಳಿಯುವ ನೆರಳು.
ಇಲ್ಲಿ ಎರಡು ಬೆರಳು ತಟ್ಟಿದರೆ ಸಾಕು,
ತಪ್ಪೇ ಆಗಿರಲಿಲ್ಲ ಎಂಬಂತೆ ಗಾಜು.

ಅಂದಿನ ಪಾಠ: ಪದರ.
ಚಿತ್ರ ಒಂದೇ ಹಾಳೆಯಲ್ಲ ಮಕ್ಕಳೇ,
ಚಪಾತಿ ಪೇರಿಸಿದ ಹಾಗೆ, ಎಂದೆ.
ಚಪಾತಿ ಯಾರಿಗೂ ಗೊತ್ತಿಲ್ಲ.
ಪ್ಯಾನ್‌ಕೇಕ್ ಎಂದೆ. ತಲೆಗಳು ಆಡಿದವು.
ಪಕ್ಕದ ಕಣ್ಣಿನ ಗುರುತು ಒತ್ತಿ, ಪದರ ಮಾಯ.
ಮತ್ತೆ ಒತ್ತಿ, ಬಂತು.
ಮನೆಗೆಲಸ:
ಶನಿವಾರ ನಾವು ಮೀನಿಗೆ ಹೋಗುವ ಸರೋವರ.

ಮ್ಯಾರ್ಲಾ ಕಳಿಸಿದ್ದು ಬಿಳಿ.
ಅಂಚಿನಿಂದ ಅಂಚಿಗೆ ಬರೀ ಬಿಳಿ.
'ಸಲ್ಲಿಸಿಲ್ಲ' ಎಂಬ ಚೌಕಕ್ಕೆ ಹೋದ ಬೆರಳು
ಯಾಕೋ ಪಕ್ಕದ ಪಟ್ಟಿ ತೆರೆಯಿತು.
ಹದಿನಾಲ್ಕು ಪದರ, ಒಂದೊಂದಕ್ಕೂ ಹೆಸರು:
ಅಕ್ಟೋಬರಿನಲ್ಲಿ ಮೊದಲು ಹೆಪ್ಪುಗಟ್ಟಿದ್ದು.
ನಾಯಿ ರಾತ್ರಿಯಿಡೀ ಊಳಿಟ್ಟಾಗ ಬಿರಿದದ್ದು.
ಮಾವನ ಸ್ನೋಮಷೀನ್ ಕೂತದ್ದು.
ಗಾಳಿ ಬಾಚಿದ್ದು.
ಇದರ ಹೆಸರು ಆನಾಗೆ ಗೊತ್ತು.

ಆನಾ ಎಂದರೆ ಅವರಲ್ಲಿ ಅಜ್ಜಿ.
ಶುಕ್ರವಾರ ಆನಾ ಎಫ್ಫೀ ಬಂದರು,
ಕೈಯಲ್ಲಿ ತೂಕ್, ಮಂಜುಗಡ್ಡೆ ಕುಟ್ಟುವ ಕಬ್ಬಿಣಮೂತಿಯ ಕೋಲು.
ಎರಡೂ ಕಣ್ಣಿಗೆ ಪೊರೆ.
(ನನ್ನ ಭಾಷೆಯಲ್ಲಿ ಪೊರೆ ಎಂದರೆ ಪದರ,
ಪೊರೆ ಎಂದರೆ ಕಾಪಾಡು.
ಹೇಳಬೇಕೆನಿಸಿತು. ಹೇಳಲಿಲ್ಲ.)
'ಮೇಲಿನಿಂದ ಓದು' ಎಂದರು.
ಹುಡುಗಿ ಒಂದೊಂದು ಹೆಸರು ಓದಿದ ಹಾಗೆ
ಕೋಲು ನೆಲಕ್ಕೆ ಒಮ್ಮೆ ತಾಗುವುದು,
ಕಿವಿ ಒಂದಿಷ್ಟು ವಾಲುವುದು.
ಒಂಬತ್ತನೆಯದಕ್ಕೆ ಕೋಲು ಎತ್ತಿದ್ದು ಇಳಿಯಲಿಲ್ಲ.

'ನದಿ ಬಂದು ಸೇರುವಲ್ಲಿ
ಈಗ ಗಡ್ಡೆಯ ಮೇಲೆ ನೀರು, ನೀರಿನ ಮೇಲೆ ಹಿಮ.
ನೀನು ನೀರನ್ನೆಲ್ಲ ತಳಕ್ಕೆ ಇಟ್ಟಿದ್ದೀ.
ನಿನ್ನ ಚಿತ್ರ ನಂಬಿ ನಡೆದವನ ಬೂಟು ನೆನೆಯುತ್ತದೆ.
ನೆನೆದ ಬೂಟು, ಮನೆಗೆ ಹತ್ತು ಮೈಲಿ...'
ಮಾತು ಮುಗಿಸಲಿಲ್ಲ.
ಮುಗಿಸಬೇಕಾದ ಅಗತ್ಯ ನನ್ನೊಬ್ಬಳಿಗೆ ಇತ್ತು.

ಮ್ಯಾರ್ಲಾ ನೀರನ್ನು ಬೆರಳಲ್ಲಿ ಹಿಡಿದು
ಐದು ಮನೆ ಮೇಲಕ್ಕೆ ಎಳೆದಳು.
ಬಿಳಿ ಬಿಳಿಯಾಗಿಯೇ ಉಳಿಯಿತು.
ಎಡಮೂಲೆ ಮಾತ್ರ
ನೀರು ಬೆರೆಸಿದ ಹಾಲು.
'ಕಣ್ಣು ಒತ್ತಿ ಅದನ್ನ ಮುಚ್ಚಿಬಿಟ್ಟರೆ?'
ಹಿಂದಿನ ಬೆಂಚಿನ ಹುಡುಗ.
'ಮುಚ್ಚು' ಎಂದರು ಆನಾ.
'ನೀರು ಅಲ್ಲೇ ಇರುತ್ತದೆ.'

ಈ ವರ್ಷವಿಡೀ ಆ ಹುಡುಗಿಯ ಹಾಳೆಗಳ ಕೆಳಗೆ
'ಬಣ್ಣ ಸಾಲದು' ಎಂದು ಬರೆದವಳು ನಾನು.

ಶನಿವಾರ ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಟ್ಯಾಬ್ಲೆಟ್ಟನ್ನು ಹೊಟ್ಟೆಗವಚಿ ಕೋಟಿನೊಳಗಿಟ್ಟೆ.
ಆದರೂ ಸತ್ತಿತು.
ನದಿಯ ಬಾಯಿ ಬಂದಾಗ
ಮ್ಯಾರ್ಲಾ ಬಲಕ್ಕೆ ಹೊರಳಿ ದೊಡ್ಡ ಸುತ್ತು ಹಾಕಿದಳು.
ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ,
ಚೌಕ ತುಂಬ ಬಿಳಿ.
ನಾನೂ ಹೊರಳಿದೆ.

ಕೊರೆದ ತೂತಿನ ಮುಂದೆ ಮಂಡಿಯೂರಿ
ದಾರ ಎತ್ತುವುದು, ಇಳಿಸುವುದು,
ಎತ್ತುವುದು.
ಮಧ್ಯಾಹ್ನದ ಹೊತ್ತಿಗೆ ಒಂದು ಸೀ ಮೀನು,
ತೋಳುದ್ದ, ಬೆಳ್ಳಿ, ಸಿಟ್ಟಿನದು.
ಮಕ್ಕಳೆಲ್ಲ ಕೂಗಿದರು. ಆಮೇಲೆ ಮ್ಯಾರ್ಲಾ ಮೆಲ್ಲಗೆ,
'ಮೊದಲನೆಯದು ಇಟ್ಟುಕೊಳ್ಳುವ ಹಾಗಿಲ್ಲ ಮೇಡಂ.'

ಎರಡನೇ ಇಯತ್ತೆಯಲ್ಲಿ ಕೈಕಟ್ಟಿ ನಿಂತು
ಹದಿನಾಲ್ಕರ ಮಗ್ಗಿ ಒಪ್ಪಿಸುತ್ತಿದ್ದೆ,
ನಡುವೆ ಎಲ್ಲೋ ತಪ್ಪುತ್ತದೆಂದು ಗೊತ್ತಿದ್ದೇ.
ಹಾಗೆ ಹೋಗಿ, ಎರಡೂ ಕೈಯಲ್ಲಿ,
ಆನಾಗೆ ಮೀನು ಒಪ್ಪಿಸಿದೆ.

ಅವರು ಕಿವಿರು ಮುಟ್ಟಿ ನೋಡಿದರು.
ಹೂಂ, ಎಂದರು.