ಮೈಕ್‌ಸೆಟ್ ನನ್ನೇಸಾಬ

ಮೂವತ್ತೆರಡು ವರ್ಷದಿಂದ ಕೂತಿದ್ದೇನೆ ವೇದಿಕೆಯ ಮಗ್ಗುಲಿಗೆ,
ಆಂಪ್ಲಿಫೈಯರಿನ ಹಿಂದೆ, ತಂತಿಗಳ ಸಿಕ್ಕಿನಲ್ಲಿ.
ಭಾಷಣದವರ ಮುಖ ನನಗೆ ಕಾಣುವುದಿಲ್ಲ,
ಕಾಣುವುದು ಹಿಮ್ಮಡಿ.
ಸುಳ್ಳು ಹೇಳುವಾಗ ಕೆಲವರು
ತುದಿಗಾಲಲ್ಲಿ ನಿಲ್ಲುತ್ತಾರೆ.

ಅವತ್ತು ಮಂಡಕ್ಕಿ ಭಟ್ಟಿ ಕೂಲಿಯವರ ಸಭೆ.
ದಾವಣಗೆರೆಯಲ್ಲಿ ಬಿಸಿಲು ಇಳಿದರೂ ಕಾವು ಇಳಿಯದ ಸಂಜೆ,
ಸುಟ್ಟ ಟೈರಿನ ಹೊಗೆ, ಹೊಟ್ಟಿನ ಹೊಗೆ,
ಬಾಡಿಗೆ ಕುರ್ಚಿಗಳ ಮೇಲೆ ಮಸಿಯ ಸಣ್ಣ ಹುಡಿ.

ವಕೀಲ ರುದ್ರಮುನಿ ಎದ್ದರು, ಕೈಯಲ್ಲಿ ಹನ್ನೊಂದು ಹಾಳೆ.
ಕಲಂ ಇಷ್ಟು, ಉಪಕಲಂ ಇಷ್ಟು,
ಚೀಲಕ್ಕೆ ಇಷ್ಟು, ಬಾಕಿ ಇಷ್ಟು.
ಎಲ್ಲ ನಿಜ. ಒಂದಂಕಿ ತಪ್ಪಿಲ್ಲ. ಹಿಮ್ಮಡಿ ನೆಲದಲ್ಲೇ ಊರಿತ್ತು.
ಆದರೆ ಆ ನಿಜ ಹಾಳೆಯಿಂದ ಮೈಕಿಗೆ, ಮೈಕಿನಿಂದ ಹಾರ್ನಿಗೆ ಹೋಗಿ
ಬೇವಿನಮರದ ಕಾಗೆಗಳನ್ನಷ್ಟೇ ಎಬ್ಬಿಸಿತು.
ಹಿಂದಿನ ಸಾಲು ಚಪ್ಪಲಿ ಹುಡುಕತೊಡಗಿತು.
ನಾನು ಗುಂಡಿ ತಿರುವಿ ಸದ್ದು ಏರಿಸಿದೆ,
ಏರಿಸಿದಷ್ಟೂ ಜನ ದೂರವಾದರು.

ಕೊನೆಗೆ ಯಾರೋ ತಳ್ಳಿದರು ಅಂತ ಬಂದಳು ಶಕೀಲಾಬಿ.
ಸೆರಗಿನ ತುದಿ ಸುತ್ತಿ ಮೈಕಿನ ಕತ್ತು ಹಿಡಿದಳು,
ಕಾದ ಬಾಣಲೆ ಹಿಡಿದಂತೆ.

"ನಮ್ಮಮ್ಮ ಉಸುಕು ಕಾದೈತೋ ಇಲ್ಲೋ ನೋಡಾಕೆ
ಬಗ್ಗಿ ಮುಖ ಹತ್ರ ಒಯ್ತಿದ್ಲು.
ಹುಬ್ಬು ಚುರ್ ಅಂದ್ರೆ ಕಾದೈತಿ ಅಂತ.
ಆಕಿ ಹೋದ ದಿನ, ಕೊನೀ ನೀರು ಹಾಕೋವಾಗ
ಮುಖ ಒರೆಸಾಕೆ ಹೋದೆ..."

ಅಲ್ಲಿಗೆ ನಿಂತಳು.
ಒಂದು ಉಸಿರು. ಎರಡು. ಮೂರು.
ತಂತಿ ಕಿತ್ತಿತೆಂದು ತಡಕಾಡಿದೆ. ಕಿತ್ತಿರಲಿಲ್ಲ.
ಜನರೇಟರ್ ಗುಡುಗುಡು ಅನ್ನುತ್ತಿತ್ತು,
ಯಾರದೋ ಕಂಕುಳಲ್ಲಿ ಕೂಸೊಂದು ಅಳು ಮರೆತಿತ್ತು.

"...ಹುಬ್ಬೇ ಇರಲಿಲ್ಲ."

ಚಪ್ಪಲಿ ಸಿಕ್ಕವರೂ ಕೂತರು.
ಮುದುಕನೊಬ್ಬ ಎದ್ದು, ವಕೀಲರೇ,
ಆ ಬಾಕಿ ಎಷ್ಟು ಅಂದ್ರಿ, ಇನ್ನೊಂದ್ಸಲ ಓದ್ರಿ ಅಂದ.
ಅದೇ ಹಾಳೆ, ಅದೇ ಒಣ ಗಂಟಲು,
ಈ ಸಲ ಕಾಗೆಗಳು ಏಳಲಿಲ್ಲ.

ಆಮೇಲೆ ಹರಿಹರ, ಜಗಳೂರು, ಹೊಳಲ್ಕೆರೆ.
ಎಲ್ಲಿ ಸಭೆಯೋ ಅಲ್ಲಿ ಶಕೀಲಾಬಿ, ಅಲ್ಲಿ ನನ್ನ ಸೆಟ್ಟು.
ಸೆರಗು ಬಿಟ್ಟು ಬರಿಗೈಲಿ ಮೈಕು ಹಿಡಿಯುವುದು ಕಲಿತಳು.
ಹುಬ್ಬು ಅನ್ನುವಾಗ ಹುಬ್ಬಿಗೆ ಬೆರಳು ಹೋಯಿತು.
ಮೂರು ಉಸಿರು ಐದಾಯಿತು.
ಹೊಳಲ್ಕೆರೆಯಲ್ಲಿ ಕತೆಗೊಂದು ಚಿಮಣಿ ದೀಪವೂ ಬಂತು,
ಅದು ಮೊದಲು ಇರಲಿಲ್ಲ.
ನಾನೇನು ಕಮ್ಮಿ?
ಅವಳು ನಿಂತಾಗ ನನ್ನ ಬೆರಳು ಎಕೋ ಗುಂಡಿಯ ಮೇಲೆ.
ಇರಲಿಲ್ಲ, ರಲಿಲ್ಲ, ಲಿಲ್ಲ...
ಮೈದಾನ ಬಿಕ್ಕಿತು.
ಗುಂಡಿ ತಿರುವಿದವನು ನಾನೇ ಆಗಿದ್ದೂ
ನಾನೂ ಕಣ್ಣೊರೆಸಿಕೊಂಡೆ, ನಾಚಿಕೆಯಿಲ್ಲದೆ.
ಅವಳ ಹಿಮ್ಮಡಿ ನೋಡಿದೆ. ಬಿರುಕು ಬಿಟ್ಟದ್ದು,
ನೆಲ ಮುಟ್ಟಿತ್ತೋ ಇಲ್ಲವೋ,
ದೀಪದ ನೆರಳಲ್ಲಿ ಹೇಳಲಾಗಲಿಲ್ಲ.

ರಾತ್ರಿ ಮೊಣಕೈಯಿಂದ ಹೆಬ್ಬೆರಳಿಗೆ ತಂತಿ ಸುತ್ತುತ್ತಿದ್ದೆ.
ಎರಡು ಲೋಟ ಚಹಾ ತಂದು ಪಕ್ಕ ಕೂತಳು.
"ಭಾಯಿ, ಮೊದಲ್ನೇ ದಿನ ಗಂಟ್ಲು ಕಟ್ಟಿ ನಿಂತಿದ್ದೆ.
ಈಗ ಕಟ್ಟಂಗಿಲ್ಲ. ನಾನಾಗೇ ನಿಲ್ತೀನಿ.
ಅಮ್ಮನ ಮುಖ ಮಾರಿದಂಗ ಆಗ್ತೈತೇನು?"

ಮುಂದಿನ ಸಲ ಎಕೋ ತೆಗೆದುಬಿಡ್ತೀನಿ, ಅಂದೆ.

ಚಹಾ ಊದಿ ಒಂದು ಗುಟುಕು ಕುಡಿದಳು.
"ಇರಲಿ ಬಿಡು," ಅಂದಳು,
"ಕೂಲಿ ಇನ್ನೂ ಏರಿಲ್ಲ."