ಬಕಧ್ಯಾನ

ನಮ್ಮ ತಂಡದ ಹೆಸರು ಕೊಕ್ಕರೆ.
ಅಂಗಿಯ ಎದೆಯ ಮೇಲೆ ಒಂಟಿ ಕಾಲಲ್ಲಿ ನಿಂತಿತ್ತು,
ಮೀನಿಲ್ಲದ ನೀರು ನೋಡುತ್ತ.
ಏಪ್ರಿಲ್‌ನಲ್ಲಿ ಹನ್ನೊಂದು ಸೋಲು, ಮೇ ತಿಂಗಳಲ್ಲಿ ಹದಿನಾರು,
ಜೂನ್‌ನ ಲೆಕ್ಕ ಒನೊದೆರಾ ಅವರನ್ನೇ ಕೇಳಬೇಕು.
ಅವರ ಪುಸ್ತಕದಲ್ಲಿತ್ತು ಎಲ್ಲ, ಪೆನ್ಸಿಲಿನಲ್ಲಿ,
ಗಡಿಯಾರ ರಿಪೇರಿಯವರ ಇರುವೆಯಕ್ಷರದಲ್ಲಿ.

ಬಲದಂಚಿನ ಬಯಲು ಬೆಂಚು, ಎಂಟುನೂರು ಯೆನ್ನು.
ಅಲ್ಲಿ ಕೂರುವವರು ದೋಣಿಯಲ್ಲಿ ಬಂದವರು:
ದ್ವೀಪದ ಅಂಚೆಕಚೇರಿಯಿಂದ ನಾನು,
ಸಿಂಪಿ ಸಾಕುವ ಹಮಾಗುಚಿ ಅಕ್ಕತಂಗಿಯರು,
ಶಾಲೆಯ ಬ್ಯಾಂಡಿನ ಕಹಳೆಯನ್ನು ಹೇಳದೆ ತರುವ ಇಬುಕಿ,
ಮತ್ತೆ ಒನೊದೆರಾ, ಎಂಬತ್ತರ ಹತ್ತಿರ,
ಜೇಬಿನಲ್ಲಿ ನಾಲ್ಕು ಗಡಿಯಾರ, ನಾಲ್ಕೂ ಬೇರೆಯವರದು.

ಒಬ್ಬೊಬ್ಬ ಆಟಗಾರನಿಗೂ ಒಂದೊಂದು ರಾಗ.
ಮಿಯಾಜಿಯದು ಉದ್ದ,
ನಡುವೆ ಒಂದು ಏರು, ಅಲ್ಲಿ ಇಬುಕಿಯ ಕೆನ್ನೆ ಕೆಂಪು.
ಆದರೆ ಆ ವರ್ಷ ನಾವು ಏರಿನವರೆಗೆ ಹೋದದ್ದೇ ಇಲ್ಲ,
ಮೊದಲ ಸಾಲಿಗೇ ಮಿಯಾಜಿ ಔಟ್.
ಎಸೆತ ಬರುವಾಗ ಎಡಗಾಲು ಎತ್ತುತ್ತಿದ್ದ,
ಒಂದು ಕ್ಷಣ, ಎದೆಯ ಮೇಲಿನ ಹಕ್ಕಿಯ ಹಾಗೇ.
ನಾವು ದುಡ್ಡು ಕೊಟ್ಟದ್ದು ಆ ಕ್ಷಣಕ್ಕೆ.
ಆಮೇಲಿನದು ಆಮೇಲೆ.

ಹಿರಿಯ ಹಮಾಗುಚಿಯ ಟವೆಲಿನಲ್ಲಿ
ಹೋದ ವರ್ಷ ಮಾರಿಬಿಟ್ಟ ಪಿಚರನ ಹೆಸರು.
ಅದರ ಮೇಲೆ ಪಟ್ಟಿ ಹೊಲಿದು ಹೊಸಬನ ಹೆಸರು ಬರೆದಳು,
ಜುಲೈನಲ್ಲಿ ಹೊಸಬನ ಭುಜ ಹೋಯಿತು.
ಪಟ್ಟಿಯ ಮೇಲೆ ಪಟ್ಟಿ.
ಬೀಸಿದರೆ ಬಟ್ಟೆಗಿಂತ ಹೊಲಿಗೆಯೇ ಹಾರುತ್ತಿತ್ತು.

ಸೋಲೇ ಗೆಲುವಿನ ಮೆಟ್ಟಿಲು ಎಂದೆ ಒಮ್ಮೆ, ಸುಮ್ಮನಿರಲಾರದೆ.
ಒನೊದೆರಾ ಪೆನ್ಸಿಲು ಹೆರೆಯುತ್ತ
"ಎಷ್ಟು ಮಹಡಿಯ ಮನೆಯಮ್ಮಾ ಇದು?" ಎಂದರು.

ಕೊನೆಯ ದೋಣಿ ಒಂಬತ್ತೂ ಕಾಲಿಗೆ.
ಎಂಟನೆಯ ಇನಿಂಗ್ಸ್ ಮುಗಿಯುವ ಮೊದಲೇ ಏಳಬೇಕು ನಾವು.
ಇಡೀ ವರ್ಷ ಯಾವ ಆಟದ ಕೊನೆಯನ್ನೂ ಕಂಡವರಲ್ಲ.
ಕಾಣುವಂಥದ್ದಾದರೂ ಏನಿತ್ತು? ಐದು ರನ್ ಹಿಂದೆ, ಆರು ಹಿಂದೆ.
ಬಗ್ಗಿ ಬಗ್ಗಿ, ಮೊಣಕಾಲುಗಳಿಗೆ ಕ್ಷಮೆ ಕೇಳಿ ದಾಟುತ್ತಿದ್ದೆವು,
ಸಾವಿನ ಮನೆಯಿಂದ ಬೇಗ ಹೊರಟವರಂತೆ.

ಸೆಪ್ಟೆಂಬರ್ ಹದಿನೆಂಟು.
ತಂಡ ಲೆಕ್ಕದಲ್ಲೂ ಸತ್ತು ಒಂಬತ್ತು ದಿನ.
ಅಂದು ಒಂದೇ ರನ್ ಹಿಂದೆ.
ಏಳಲು ಯಾರಿಗೂ ಮನಸ್ಸಿಲ್ಲ.
ಒನೊದೆರಾ ನಾಲ್ಕು ಗಡಿಯಾರ ತೆಗೆದು ನೋಡಿದರು,
ನಾಲ್ಕೂ ಒಪ್ಪಿದವು. ಎದ್ದರು.

ದೋಣಿ ಕಟ್ಟೆ ಬಿಟ್ಟಿತು, ದೀಪದ ಕಂಬಗಳು ಕುಗ್ಗಿದವು.
ಆಗ ನೀರಿನ ಮೇಲೆ ಬಂತು
ಕೂಗಲ್ಲ, ಕೂಗಿಗಿಂತ ದಪ್ಪದ್ದು,
ಇಡೀ ಊರು ಒಟ್ಟಿಗೆ ಕುರ್ಚಿ ಹಿಂದೆ ತಳ್ಳಿ ಎದ್ದ ಹಾಗೆ.
ಅದರೊಳಗಿಂದ ಒಂದು ಕಹಳೆ, ಬೇರೆ ಯಾರದೋ ಉಸಿರು,
ಮಿಯಾಜಿಯ ರಾಗ,
ಏರು ಹತ್ತಿ, ಏರು ದಾಟಿ,
ನಾವು ಮರೆತೇಬಿಟ್ಟಿದ್ದ ಕೊನೆಯ ಸಾಲಿನವರೆಗೆ.
ಇಬುಕಿ ತನ್ನ ಕಹಳೆಯ ಮೇಲೆ ಬೆರಳಾಡಿಸಿದ,
ಬಾಯಿಗಿಡಲಿಲ್ಲ.
ಚಾಲಕ ಇಂಜಿನ್ನು ತಗ್ಗಿಸಿದ. ಅದು ನಿಯಮವಲ್ಲ.

ನನಗೆ ಸಿಟ್ಟು ಬಂತು, ಹೇಳಿಬಿಡುತ್ತೇನೆ.
ಅರವತ್ತು ರಾತ್ರಿ ಕೂತಿದ್ದೇವೆ, ಬೆನ್ನು ಬೆಂಚಾಗಿ.
"ಕೊಕ್ಕರೆ ಹಾರಿಹೋದ ಮೇಲೆಯೇ
ಮೀನು ಮೇಲೆ ಬರುವುದು" ಎಂದಳು ಕಿರಿಯ ಹಮಾಗುಚಿ,
ಅಳುತ್ತಿದ್ದಳೋ ನಗುತ್ತಿದ್ದಳೋ, ಕತ್ತಲು.

ಜೇಬಿಗೊಂದು ಫೋನು ಇಲ್ಲದ ಕಾಲ.
ಬೆಳಿಗ್ಗೆ ರೇಡಿಯೋ ಎಲ್ಲ ಹೇಳಿತು.
ಒನೊದೆರಾ ಪುಸ್ತಕದಲ್ಲಿ ಒಂಬತ್ತನೆಯ ಚೌಕ ಮಾತ್ರ ಖಾಲಿ.
"ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ," ಎಂದವರೇ
ಏನೂ ಬರೆಯದ ಚೌಕವನ್ನು ರಬ್ಬರಿನಿಂದ
ಉಜ್ಜಿದರು, ಉಜ್ಜಿದರು.

ಆ ಸಂಜೆ ಏಳು ಸೊನ್ನೆ, ಎಂದಿನಂತೆ.
ಎಂಟನೆಯ ಇನಿಂಗ್ಸಿಗೆ ಎದ್ದೆವು, ಎಂದಿನಂತೆ.
ಆದರೆ ಕಟ್ಟೆಯಲ್ಲಿ ಹಗ್ಗ ಬಿಚ್ಚುವವರೆಗೂ
ಯಾರೂ ದೋಣಿಯೊಳಗೆ ಹೋಗಲಿಲ್ಲ,
ಒಂದು ಕಿವಿ ಊರಿನ ಕಡೆ.
ಸೊಳ್ಳೆ ಕಚ್ಚಿತೆಂದು ಇಬುಕಿ
ಒಂದು ಪಾದವನ್ನು ಇನ್ನೊಂದು ಕಾಲಿನ
ಮೀನಖಂಡಕ್ಕೆ ಒತ್ತಿ ನಿಂತಿದ್ದ.